ಫೀಡ್ ಜೊತೆ ಗುದ್ದಾಡೋದು ಬಿಟ್ಟು ಓದೋ ಪಟ್ಟಿ ನೀವೇ ಕಟ್ಕೊಳೋದು ಹೇಗೆ

ರಾತ್ರಿ ಒಂದೂವರೆ ಗಂಟೆ, ಬೆಳಗ್ಗೆ ಆದ್ರೆ ಆಫೀಸಲ್ಲಿ ರಿಲೀಸ್ ಇದೆ, ನಾನು ಮಾತ್ರ ಮುಖ ಪರಿಚಯಾನೂ ಇಲ್ಲದ ಒಬ್ಬ ಮನುಷ್ಯನಿಗೆ ಹನ್ನೊಂದನೇ ರಿಪ್ಲೈ ಟೈಪ್ ಮಾಡ್ತಾ ಕೂತಿದ್ದೆ. ಶುರುವಾಗಿದ್ದು ಪೈಥಾನ್ ಅನ್ನೋ ಪ್ರೋಗ್ರಾಮಿಂಗ್ ಭಾಷೆಲಿ ದೊಡ್ಡ ಪ್ರಾಜೆಕ್ಟ್ ಬರೀಬಹುದಾ ಇಲ್ಲ ಟೈಪ್ ಚೆಕ್ ಮಾಡೋ ಭಾಷೆನೇ ಬೇಕಾ ಅಂತ, ಐದನೇ ರಿಪ್ಲೈ ಹೊತ್ತಿಗೆ ನಾನು ಯಾವ ಕಂಪನಿ ಏಜೆಂಟು ಅನ್ನೋ ಪ್ರಶ್ನೆ ಬಂತು, ಎಂಟನೇದಕ್ಕೆ ನಾನು ಯಾವ ಪಕ್ಷಕ್ಕೆ ಓಟ್ ಹಾಕ್ತೀನಿ ಅನ್ನೋದನ್ನೂ ಅವ್ನೇ ತೀರ್ಮಾನ ಮಾಡ್ಬಿಟ್ಟಿದ್ದ. ಬೆಳಗ್ಗೆ ಎದ್ದು ಫೋನ್ ತೆಗೆದ್ರೆ ಫೀಡ್ ತುಂಬಾ ಅವ್ನೇ, ಅವ್ನ ಥರದವ್ರೇ, ಅವ್ನಿಗಿಂತ ಜೋರಾಗಿ ಬೊಬ್ಬೆ ಹೊಡಿಯೋರು. ಓದ್ಬೇಕು ಅಂತ ನಾನೇ ಆಸೆಪಟ್ಟು ಫಾಲೋ ಮಾಡಿದ್ದ ಜನ ಒಬ್ರೂ ಕಾಣಿಸ್ತಿಲ್ಲ.

ಅದಾದ್ಮೇಲೆ ನಾನು ಏನ್ ಮಾಡ್ದೆ ಅನ್ನೋದನ್ನ ಇಲ್ಲಿ ಬರೀತಿದ್ದೀನಿ. ಸೋಷಿಯಲ್ ಮೀಡಿಯಾ ಬಿಟ್ಬಿಡಿ, ಫೋನ್ ಬಿಸಾಕಿ ಅನ್ನೋ ಉಪದೇಶ ಅಲ್ಲ, ನಾನೇ ಬಿಟ್ಟಿಲ್ಲ. ನಾನು ಏನ್ ಓದ್ತೀನಿ, ಯಾವ್ದಾದ್ಮೇಲೆ ಯಾವ್ದು ಓದ್ತೀನಿ ಅನ್ನೋದನ್ನ ಇನ್ಯಾರೋ ಜೋಡಿಸಿ ಕೊಡೋದು ಬೇಡ ಅನ್ನೋದಷ್ಟೇ ನನ್ನ ತಕರಾರು. ಅದನ್ನ ನೀವೇ ಜೋಡಿಸ್ಕೊಳಕ್ಕೆ ಒಂದು ಸಂಜೆ ಸಾಕು, ದುಡ್ಡೇನೂ ಬೇಕಿಲ್ಲ.

ಮೊದ್ಲು ಅದು ಏನನ್ನ ಎಣಿಸತ್ತೆ ಅಂತ ನೋಡಿ

ಟ್ವಿಟರ್ 2023ರ ಮಾರ್ಚ್ 31ಕ್ಕೆ ತನ್ನ ರೆಕಮೆಂಡೇಶನ್ ಕೋಡಿನ ಒಂದು ಭಾಗನ ಪ್ರೋಗ್ರಾಮರುಗಳು ಕೋಡ್ ಹಂಚ್ಕೊಳೋ ಸೈಟಾದ ಗಿಟ್‌ಹಬ್‌ಗೆ ಹಾಕ್ತು, ಪೋಸ್ಟ್‌ಗಳಿಗೆ ಮಾರ್ಕ್ಸ್ ಹಾಕೋ ಮಾಡೆಲ್ಲಿನ ತೂಕಗಳೂ ಏಪ್ರಿಲ್ ಮೊದಲ ವಾರದ ಹೊತ್ತಿಗೆ ಅಲ್ಲೇ ಒಂದು ರೀಡ್‌ಮಿ ಫೈಲಲ್ಲಿ ಇದ್ವು. ಅದು ಮಾಡೋ ಕೆಲಸ ಅಂಥಾ ಬ್ರಹ್ಮವಿದ್ಯೆ ಏನಲ್ಲ. ಈ ಪೋಸ್ಟ್ ತೋರಿಸಿದ್ರೆ ನೀವು ಲೈಕ್ ಒತ್ತೋ ಸಾಧ್ಯತೆ ಎಷ್ಟು, ರಿಪ್ಲೈ ಹಾಕೋ ಸಾಧ್ಯತೆ ಎಷ್ಟು, ರಿಪೋರ್ಟ್ ಮಾಡೋ ಸಾಧ್ಯತೆ ಎಷ್ಟು ಅಂತ ಒಂದೊಂದಾಗಿ ಅಂದಾಜು ಮಾಡತ್ತೆ, ಒಂದೊಂದನ್ನೂ ಅದರದರ ತೂಕದಿಂದ ಗುಣಿಸಿ ಕೂಡತ್ತೆ, ಜಾಸ್ತಿ ಬಂದಿದ್ದು ಮೇಲೆ. ಅಷ್ಟೇ. ಮಜಾ ಇರೋದು ಆ ತೂಕಗಳಲ್ಲಿ. ಲೈಕ್‌ಗೆ 0.5, ರಿಟ್ವೀಟ್‌ಗೆ 1, ರಿಪ್ಲೈಗೆ 13.5, ನೀವು ಹಾಕಿದ ರಿಪ್ಲೈಗೆ ಮೂಲ ಪೋಸ್ಟ್ ಬರೆದವನೇ ತಿರುಗಿ ಸ್ಪಂದಿಸಿದ್ರೆ 75. ಆ ಕಡೆ ಮೈನಸ್ಸಲ್ಲಿ, ಇಂಥದ್ದು ಬೇಡ ಅಂತ ಒತ್ತಿದ್ರೆ 74 ಕಳೀತಾರೆ, ರಿಪೋರ್ಟ್ ಮಾಡಿದ್ರೆ 369.

ಈಗ ನನ್ನ ಆ ರಾತ್ರಿ ಜಗಳಕ್ಕೆ ಲೆಕ್ಕ ಹಾಕಿ. ನಾನು ಆ ಮನುಷ್ಯನಿಗೆ ಹಾಕಿದ ಒಂದು ರಿಪ್ಲೈ 27 ಲೈಕಿಗೆ ಸಮ, ಅವ್ನು ತಿರುಗಿ ಬೈದ್ರೆ ಅದು 150 ಲೈಕಿಗೆ ಸಮ. ನಾನು ಜಗಳ ಆಡ್ತಿದ್ದೀನಿ ಅಂದ್ಕೊಂಡಿದ್ದೆ, ಮಾಡೆಲ್ ಪ್ರಕಾರ ನಾವಿಬ್ರೂ ಜೀವದ ಗೆಳೆಯರು. ಇವು ಆ ದಿನದ ನಂಬರುಗಳು, ಇವತ್ತೂ ಇವೇ ಇವೆ ಅಂತ ನಾನು ಹೇಳ್ತಿಲ್ಲ, ಆದ್ರೆ ಲೆಕ್ಕದ ಜಾಡು ಗೊತ್ತಾಯ್ತಲ್ಲ, ನನಗೆ ಅಷ್ಟು ಸಾಕಾಯ್ತು.

ಇದೇ ಕೋಡಲ್ಲಿ ಇನ್ನೊಂದು ತಮಾಷೆ ಇತ್ತು. ಬರೆದವನು ಕಂಪನಿ ಮಾಲೀಕ ಎಲಾನ್ ಮಸ್ಕಾ, ಅಮೆರಿಕದ ಡೆಮಾಕ್ರಾಟ್ ಪಕ್ಷದವನಾ, ರಿಪಬ್ಲಿಕನ್ನಾ ಅಂತ ಗುರುತು ಹಾಕೋ ಹೆಸರುಗಳು. ಜನ ಅದನ್ನ ಹಿಡ್ಕೊಂಡು ಕುಣಿದಿದ್ದೇ ಕುಣಿದಿದ್ದು, ಎಂಜಿನಿಯರುಗಳು ಅದು ಬರೀ ಅಂಕಿಅಂಶ ಅಳೆಯಕ್ಕೆ ಇಟ್ಟಿದ್ದು ಅಂದ್ರು, ತೆಗೆದೂ ಹಾಕಿದ್ರು. ನನ್ನ ಅಭಿಪ್ರಾಯ ಕೇಳಿದ್ರೆ ಆ ಲೇಬಲ್ಲುಗಳಲ್ಲಿ ಇದ್ದ ರಾಜಕೀಯಕ್ಕಿಂತ ಆ 13.5ರಲ್ಲಿ ಇರೋ ರಾಜಕೀಯ ದೊಡ್ಡದು, ಯಾಕಂದ್ರೆ ಅದು ಯಾವ ಪಕ್ಷದ್ದೂ ಅಲ್ಲ, ಯಾರು ಜಗಳ ಹಚ್ಚಿದ್ರೂ ಅದಕ್ಕೆ ಸರಿ. ಫೇಸ್‌ಬುಕ್ ಕಥೆಯೂ ಇಷ್ಟೇ. 2017ರಲ್ಲಿ ಕೋಪದ ಮುಖದ ಇಮೋಜಿ ಸೇರಿ ಆ ರಿಯಾಕ್ಷನ್‌ಗಳಿಗೆಲ್ಲ ಲೈಕಿನ ಐದು ಪಟ್ಟು ತೂಕ ಕೊಟ್ಟಿದ್ರು ಅಂತ 2021ರಲ್ಲಿ ಹೊರಬಂದ ಒಳಗಿನ ದಾಖಲೆಗಳಿಂದ ಗೊತ್ತಾಯ್ತು, ಕೋಪದ್ದನ್ನ 2020ರಲ್ಲಿ ಸೊನ್ನೆ ಮಾಡಿದ್ರು. ಊರು ಕೊಳ್ಳೆ ಹೋದ್ಮೇಲೆ ಕೋಟೆ ಬಾಗ್ಲು ಹಾಕಿದಂಗೆ. ಇದ್ರಲ್ಲಿ ಒಬ್ಬ ದುಷ್ಟ ಕೂತ್ಕೊಂಡು ಸಂಚು ಮಾಡಿದ ಅಂತ ನನಗೆ ಅನ್ಸಲ್ಲ, ಯಾರೋ ಒಂದು ನಂಬರ್ ಬದಲಾಯಿಸಿದ್ರು, ಗ್ರಾಫ್ ಮೇಲಕ್ಕೆ ಹೋಯ್ತು, ಎಲ್ರಿಗೂ ಖುಷಿ ಆಯ್ತು. ಪ್ರೋಗ್ರಾಮರ್ ಆಗಿ ಕೆಲಸ ಮಾಡಿದ ಯಾರಿಗಾದ್ರೂ ಈ ದೃಶ್ಯ ಕಣ್ಣಿಗೆ ಕಟ್ಟತ್ತೆ.

ಐದು ನಿಮಿಷದಲ್ಲಿ ಆಗೋದು

ಇರೋ ಆ್ಯಪಲ್ಲೇ ಮೊದ್ಲು ಇಷ್ಟು ಮಾಡ್ಕೊಳಿ. ಎಲ್ಲೆಲ್ಲಿ ಫಾಲೋಯಿಂಗ್ ಅನ್ನೋ ಟ್ಯಾಬ್ ಇದ್ಯೋ ಅಲ್ಲಿಗೆ ಹೋಗಿ ಅದನ್ನೇ ಓದಿ. ಇನ್‌ಸ್ಟಾಗ್ರಾಂ 2016ರಲ್ಲಿ ಸಮಯದ ಕ್ರಮ ತೆಗೆದು ಹಾಕಿ, ಆರು ವರ್ಷ ಬೈಸ್ಕೊಂಡು, 2022ರ ಮಾರ್ಚಲ್ಲಿ ಒಂದು ಆಯ್ಕೆಯಾಗಿ ವಾಪಸ್ ತಂತು, ಮೇಲಿರೋ ಹೆಸರು ಒತ್ತಿದ್ರೆ ಸಿಗತ್ತೆ. ಯುರೋಪಲ್ಲಿ ಇರೋರಿಗೆ ಕಾನೂನಿನ ಬೆಂಬಲನೂ ಇದೆ, ಅಲ್ಲಿನ ಡಿಜಿಟಲ್ ಸರ್ವಿಸಸ್ ಆ್ಯಕ್ಟಿನ 38ನೇ ವಿಧಿ ಪ್ರಕಾರ ಅಲ್ಲಿ ತಿಂಗಳಿಗೆ 4.5 ಕೋಟಿ ಅಥವಾ ಅದಕ್ಕಿಂತ ಜಾಸ್ತಿ ಬಳಕೆದಾರರು ಇರೋ ದೊಡ್ಡ ಪ್ಲಾಟ್‌ಫಾರ್ಮುಗಳು ನಿಮ್ಮ ಜಾತಕ ನೋಡದೆ ಜೋಡಿಸಿದ ಒಂದು ಫೀಡ್ ಆದ್ರೂ ಕೊಡ್ಲೇಬೇಕು. ಕಾನೂನು ಚೆನ್ನಾಗಿದೆ, ಆದ್ರೆ ಆ ಬಟನ್ ಎಲ್ಲಿಟ್ಟಿದ್ದಾರೆ ಅಂತ ಹುಡುಕೋದೇ ಒಂದು ಕೆಲಸ.

ಆಮೇಲೆ ಇಷ್ಟ ಇಲ್ಲದ್ದಕ್ಕೆ ರಿಪ್ಲೈ ಹಾಕ್ಬೇಡಿ, ಕೋಟ್ ಮಾಡಿ ಗೇಲಿ ಮಾಡೋದೂ ಬೇಡ, ಅದು ಅವರಿಗೆ ನೀವು ಪುಕ್ಕಟೆ ಕಟ್ಟೋ ಬ್ಯಾನರ್. ಮ್ಯೂಟ್ ಒತ್ತಿ, ಇಲ್ಲ ಇದು ಬೇಡ ಅನ್ನೋದನ್ನ ಒತ್ತಿ ಮುಂದೆ ಹೋಗಿ. ಬ್ಲಾಕ್ ಮಾಡಿ ಅಂತ ನಾನು ಹೇಳಲ್ಲ, ಬ್ಲಾಕ್ ಮಾಡಿದ್ದಾರೆ ಅನ್ನೋದೇ ಕೆಲವ್ರಿಗೆ ಪದಕ, ಸ್ಕ್ರೀನ್‌ಶಾಟ್ ಹಾಕ್ಕೊಂಡು ಮೆರೀತಾರೆ.

ಇಷ್ಟು ಮಾಡಿದ್ರೂ ಎರಡು ದಿನಕ್ಕೆ ಆ್ಯಪ್ ಮತ್ತೆ ತನ್ನ ಇಷ್ಟದ ಟ್ಯಾಬಿಗೆ ಬಂದು ನಿಂತಿರತ್ತೆ, ನಾಯಿ ಬಾಲ ನಳಿಗೆಲಿ ಇಟ್ರೂ ಡೊಂಕೇ. ಅದಕ್ಕೇ ಅಸಲಿ ಕೆಲಸ ಆ್ಯಪಿನ ಆಚೆ ಇದೆ.

ಆರೆಸ್ಸೆಸ್, ಅದಲ್ಲ ಇದು

ಆರೆಸ್ಸೆಸ್ ಅಂತ ಬರೆದ ತಕ್ಷಣ ಅರ್ಧ ಜನ ಜೈ ಅನ್ನಕ್ಕೂ ಇನ್ನರ್ಧ ಜನ ಬೈಯಕ್ಕೂ ತಯಾರಾಗ್ತಾರೆ ಅಂತ ಗೊತ್ತು, ಸ್ವಲ್ಪ ತಡೀರಿ, ಇದು ಒಂದು ಫೈಲು. ಒಂದು ಸೈಟಲ್ಲಿ ಹೊಸದಾಗಿ ಏನ್ ಬಂದಿದೆ ಅನ್ನೋದರ ಪಟ್ಟಿ, ತಲೆಬರಹ, ಲಿಂಕು, ತಾರೀಖು, ಕೆಲವೊಮ್ಮೆ ಪೂರ್ತಿ ಬರಹ, ಎಲ್ಲಾ ಎಕ್ಸ್‌ಎಂಎಲ್ಲಲ್ಲಿ. ನಿಮ್ಮ ಹತ್ರ ಇರೋ ರೀಡರ್ ಅನ್ನೋ ಪ್ರೋಗ್ರಾಂ ಆಗಾಗ ಹೋಗಿ ಆ ಫೈಲ್ ನೋಡ್ಕೊಂಡು ಬಂದು ಹೊಸದು ಇದ್ರೆ ತೋರಿಸತ್ತೆ. ನಡುವೆ ಯಾರೂ ಇಲ್ಲ, ಮಾರ್ಕ್ಸ್ ಇಲ್ಲ, ನೀವು ಓದಿದ್ದೀರಾ ಬಿಟ್ಟಿದ್ದೀರಾ ಅನ್ನೋದು ಬರೆದವ್ರಿಗೂ ಗೊತ್ತಾಗಲ್ಲ.

1999ರಲ್ಲಿ ನೆಟ್‌ಸ್ಕೇಪಲ್ಲಿ ಹುಟ್ಟಿದ್ದು, 2002ರಲ್ಲಿ 2.0 ಬಂತು, 2005ರಲ್ಲಿ ಆಟಮ್ ಅಂತ ಇದರ ತಮ್ಮನಂಥ ಇನ್ನೊಂದು ಫಾರ್ಮ್ಯಾಟು ಸ್ಟ್ಯಾಂಡರ್ಡ್ ಆಯ್ತು, ರೀಡರುಗಳಿಗೆ ಎರಡೂ ಒಂದೇ. ಅದೇ 2005ರಲ್ಲಿ ಬಂದ ಗೂಗಲ್ ರೀಡರನ್ನ 2013ರ ಜುಲೈ 1ಕ್ಕೆ ಮುಚ್ಚಿದ್ರು, ಟ್ವಿಟರ್ ಅದೇ ವರ್ಷ ಹಳೇ ಎಪಿಐ (ಬೇರೆ ಪ್ರೋಗ್ರಾಮುಗಳು ಅದರಿಂದ ಡೇಟಾ ತಗೊಳೋ ದಾರಿ) ಜೊತೆ ಆರೆಸ್ಸೆಸ್ಸನ್ನೂ ಕಿತ್ತು ಹಾಕ್ತು, ಫೈರ್‌ಫಾಕ್ಸ್ 2018ರ ಡಿಸೆಂಬರಲ್ಲಿ ಒಳಗಿದ್ದ ಫೀಡ್ ಸೌಲಭ್ಯ ತೆಗೀತು. ಅವತ್ತಿಂದ ಇದು ಸತ್ತೋಯ್ತು ಅಂತ ಎಲ್ರೂ ತಿಥಿ ಮಾಡ್ತಾನೇ ಇದ್ದಾರೆ, ಅದೇ ಜನ ದಿನಾ ಪಾಡ್‌ಕಾಸ್ಟ್ ಕೇಳ್ತಾರೆ, ಪಾಡ್‌ಕಾಸ್ಟ್ ನಿಂತಿರೋದೇ ಆರೆಸ್ಸೆಸ್ ಮೇಲೆ.

ರೀಡರ್ ಯಾವ್ದು ಅಂತ ತಲೆ ಕೆಡಿಸ್ಕೋಬೇಡಿ. ಆಂಡ್ರಾಯ್ಡಲ್ಲಿ ಫೀಡರ್ ಅಂತ ಒಂದಿದೆ, ಓಪನ್ ಸೋರ್ಸು, ಅಕೌಂಟೂ ಬೇಡ. ಐಫೋನು ಮ್ಯಾಕ್ ಇದ್ದೋರಿಗೆ ನೆಟ್‌ನ್ಯೂಸ್‌ವೈರ್. ಕಂಪ್ಯೂಟರಲ್ಲಿ ಮೇಲ್‌ಗೆ ಥಂಡರ್‌ಬರ್ಡ್ ಬಳಸೋರಿದ್ರೆ ಅದ್ರಲ್ಲೇ ಫೀಡ್ ಓದಬಹುದು, ಎಷ್ಟೋ ಜನಕ್ಕೆ ಗೊತ್ತೇ ಇಲ್ಲ. ಎಲ್ಲಾ ಕಡೆ ಒಂದೇ ಪಟ್ಟಿ ಬೇಕು ಅಂದ್ರೆ ಫೀಡ್ಲಿ, ಇನೋರೀಡರ್ ಥರದ ಸೇವೆ. ಸ್ವಂತ ಸರ್ವರ್ ಇಟ್ಕೊಂಡು ಒದ್ದಾಡೋ ಚಟ ಇರೋರಿಗೆ ಫ್ರೆಶ್‌ಆರೆಸ್ಸೆಸ್, ಮಿನಿಫ್ಲಕ್ಸ್. ಒಂದು ವಾರ ಬಳಸಿ, ಹಿಡಿಸ್ಲಿಲ್ಲ ಅಂದ್ರೆ ಒಪಿಎಂಎಲ್ ಅಂತ ಒಂದು ಫೈಲ್ ಎಕ್ಸ್‌ಪೋರ್ಟ್ ಮಾಡಿ ಇನ್ನೊಂದಕ್ಕೆ ಹಾಕಿದ್ರೆ ಪಟ್ಟಿ ಪೂರ್ತಿ ಅಲ್ಲಿಗೆ ಬಂತು. ಫೇಸ್‌ಬುಕ್ಕಿಂದ ಹಿಂಗೆ ಎದ್ದು ಹೋಗಕ್ಕೆ ಆಗತ್ತಾ ಯೋಚ್ನೆ ಮಾಡಿ.

ಫೀಡ್ ಎಲ್ಲಿರತ್ತೆ

ಇಲ್ಲೇ ಜನ ಕೈ ಬಿಡೋದು, ಯಾಕಂದ್ರೆ ಮುಂಚೆ ಇದ್ದ ಕಿತ್ತಳೆ ಬಣ್ಣದ ಗುರುತು ಈಗ ಸೈಟುಗಳಲ್ಲಿ ಕಾಣಿಸೋದು ಕಮ್ಮಿ. ಗುರುತು ಇಲ್ಲ ಅಂದ್ರೆ ಫೀಡ್ ಇಲ್ಲ ಅಂತ ಅರ್ಥ ಅಲ್ಲ. ಮೊದಲನೇ ಉಪಾಯ, ಸೈಟಿನ ವಿಳಾಸನ ಹಂಗೇ ರೀಡರಿಗೆ ಅಂಟಿಸಿ, ಬಹುತೇಕ ರೀಡರುಗಳು ಪುಟದೊಳಗೆ ಇಣುಕಿ ಫೀಡನ್ನ ತಾವೇ ಹುಡುಕ್ತವೆ. ಸಿಗ್ಲಿಲ್ವಾ, ವಿಳಾಸದ ಕೊನೆಗೆ ಸ್ಲ್ಯಾಶ್ ಹಾಕಿ ಫೀಡ್ ಅಂತ ಟೈಪ್ ಮಾಡಿ ನೋಡಿ, ವರ್ಡ್‌ಪ್ರೆಸ್ಸಲ್ಲಿ ಕಟ್ಟಿರೋ ಸೈಟುಗಳಿಗೂ ಸಬ್‌ಸ್ಟ್ಯಾಕಿಗೂ ಇಷ್ಟೇ ಸಾಕು, ವೆಬ್ಬಲ್ಲಿ ವರ್ಡ್‌ಪ್ರೆಸ್ ಎಷ್ಟಿದೆ ಅಂದ್ರೆ ಇದೊಂದು ತಿಳಿದಿದ್ರೆ ಅರ್ಧ ಕೆಲಸ ಮುಗೀತು. ರೆಡ್ಡಿಟ್ಟಲ್ಲಿ ಯಾವ್ದೇ ಸಬ್‌ರೆಡ್ಡಿಟ್ ವಿಳಾಸದ ಕೊನೆಗೆ ಡಾಟ್ ಆರೆಸ್ಸೆಸ್. ಟ್ವಿಟರ್ ಥರದ್ದೇ ಆದ ಮಾಸ್ಟೊಡಾನಲ್ಲಿ ಒಬ್ಬರ ಪ್ರೊಫೈಲ್ ವಿಳಾಸಕ್ಕೂ ಡಾಟ್ ಆರೆಸ್ಸೆಸ್ಸೇ. ಅಂಥದ್ದೇ ಇನ್ನೊಂದಾದ ಬ್ಲೂಸ್ಕೈ ಪ್ರೊಫೈಲಿಗೆ ಮಾತ್ರ ಸ್ಲ್ಯಾಶ್ ಆರೆಸ್ಸೆಸ್, ಈ ಡಾಟು ಸ್ಲ್ಯಾಶಿನ ವ್ಯತ್ಯಾಸಕ್ಕೆ ನಾನು ಅರ್ಧ ಗಂಟೆ ಕಳ್ಕೊಂಡಿದ್ದೀನಿ.

ಯೂಟ್ಯೂಬ್ ಬಗ್ಗೆ ಸ್ವಲ್ಪ ಜಾಸ್ತಿ ಹೇಳ್ಬೇಕು, ಯಾಕಂದ್ರೆ ಜಾಸ್ತಿ ಲಾಭ ಇರೋದು ಇಲ್ಲೇ. ಪ್ರತಿ ಚಾನೆಲ್ಲಿಗೂ ಒಂದು ಫೀಡ್ ಇದೆ, ಎಲ್ಲೂ ತೋರಿಸಲ್ಲ ಅಷ್ಟೇ. ಚಾನೆಲ್ ಪುಟದ ವಿಳಾಸನ ರೀಡರಿಗೆ ಕೊಟ್ರೆ ಬಹುಪಾಲು ಅದೇ ಹಿಡ್ಕೊಳತ್ತೆ, ಇತ್ತೀಚಿನ 15 ವಿಡಿಯೋ ಬರತ್ತೆ. ಗಂಟೆ ಗುರುತು ಒತ್ತಿ ಅಂತ ಅವ್ರು ಪ್ರತಿ ವಿಡಿಯೋದಲ್ಲೂ ಗೋಗರೀತಾರಲ್ಲ, ಇದೇ ಅಸಲಿ ಗಂಟೆ. ವಿಡಿಯೋ ನೋಡ್ತೀರಿ, ಮುಚ್ತೀರಿ, ಪಕ್ಕದಲ್ಲಿ ಸಾಲಾಗಿ ಬಾಯಿ ತೆಗೆದ ಮುಖಗಳ ಥಂಬ್‌ನೇಲ್ ನೋಡೋ ಕರ್ಮ ಅರ್ಧಕ್ಕರ್ಧ ತಪ್ಪತ್ತೆ.

ಪ್ರೋಗ್ರಾಮರುಗಳಿಗೆ ನನ್ನ ಮೊದಲ ಶಿಫಾರಸು ಗಿಟ್‌ಹಬ್. ಯಾವ್ದೇ ಪ್ರಾಜೆಕ್ಟಿನ ರಿಲೀಸಸ್ ಪುಟದ ವಿಳಾಸಕ್ಕೆ ಡಾಟ್ ಆಟಮ್ ಸೇರಿಸಿದ್ರೆ ಹೊಸ ಆವೃತ್ತಿ ಬಂದಾಗೆಲ್ಲ ಅದರ ನೋಟ್ಸ್ ನಿಮ್ಮ ರೀಡರಿಗೆ ಬರತ್ತೆ. ನಾನು ಕೆಲಸಕ್ಕೆ ಬಳಸೋ ಹದಿನೈದಿಪ್ಪತ್ತು ಲೈಬ್ರರಿಗಳನ್ನ ಹಿಂಗೆ ಹಾಕಿಟ್ಟಿದ್ದೀನಿ. ರಿಲೀಸ್ ನೋಟ್ಸ್ ನೇರವಾಗಿ ಓದೋ ಅಭ್ಯಾಸ ಬಿದ್ಮೇಲೆ ಆ ಭಾಷೆ ಸತ್ತೋಯ್ತು, ಈ ಫ್ರೇಮ್‌ವರ್ಕ್ ಬಂದು ಎಲ್ಲಾ ನುಂಗಾಕತ್ತೆ ಅನ್ನೋ ಪೋಸ್ಟುಗಳು ಓದಕ್ಕೆ ಆಗಲ್ಲ, ಸತ್ತೋಯ್ತು ಅಂದ ಭಾಷೆಲಿ ಮೊನ್ನೆ ತಾನೆ 40 ಬಗ್ ಸರಿ ಮಾಡಿರ್ತಾರೆ, ಓದಿರ್ತೀರಿ.

ಫೇಸ್‌ಬುಕ್ಕಿಗೆ, ಟ್ವಿಟರ್ ಅಲಿಯಾಸ್ ಎಕ್ಸಿಗೆ ಹಿಂಗೆ ನೇರ ದಾರಿ ಇಲ್ಲ. ನಡುವೆ ಸೇತುವೆ ಕಟ್ಟೋ ಪ್ರಾಜೆಕ್ಟುಗಳು ಬರ್ತವೆ, ಮುರೀತವೆ, ಮತ್ತೆ ಬರ್ತವೆ, ನಾನು ಅದರ ಹಿಂದೆ ಓಡಿ ಸುಸ್ತಾಗಿ ಬಿಟ್ಟೆ. ಅಲ್ಲಿ ಬಿಟ್ಟು ಬೇರೆಲ್ಲೂ ಬರೀದೇ ಇರೋರನ್ನ ವಾರಕ್ಕೊಮ್ಮೆ ಅಲ್ಲೇ ಹೋಗಿ ಮಾತಾಡಿಸ್ಕೊಂಡು ಬರ್ತೀನಿ.

ರಾಜಕೀಯದ ಫೋಲ್ಡರು

ಪಟ್ಟಿ ಕಟ್ಟೋವಾಗ ಎಲ್ಲರೂ ಮಾಡೋ ತಪ್ಪು ನಾನೂ ಮಾಡ್ದೆ. ಎಂಟು ನ್ಯೂಸ್ ಸೈಟಿನ ಮುಖ್ಯ ಫೀಡುಗಳನ್ನ ಸೇರಿಸಿದೆ, ಎರಡೇ ದಿನಕ್ಕೆ 900 ಓದದೇ ಉಳಿದಿದ್ದು, ಅದ್ರಲ್ಲಿ ಒಂದೇ ಸುದ್ದಿ ಎಂಟು ಸಲ. ಗುಡ್ಡ ಅಗೆದು ಇಲಿ ಹಿಡಿದಂಗಾಯ್ತು. ದಿನಕ್ಕೆ ನೂರು ಐಟಂ ಹಾಕೋ ಸೈಟಿನ ಮುಖ್ಯ ಫೀಡನ್ನ ಯಾವತ್ತೂ ಸೇರಿಸ್ಬೇಡಿ, ಆ ಸೈಟಲ್ಲಿ ಒಂದು ವಿಭಾಗದ್ದೋ ಒಬ್ಬ ಅಂಕಣಕಾರರದ್ದೋ ಪ್ರತ್ಯೇಕ ಫೀಡ್ ಇದ್ರೆ ಅದನ್ನ ಮಾತ್ರ ತಗೊಳಿ.

ಈಗ ನನ್ನ ರಾಜಕೀಯದ ಫೋಲ್ಡರಲ್ಲಿ ಇರೋದು ಕೆಲವೇ ಫೀಡು. ಕೆಲವು ಮೂಲ ದಾಖಲೆಗಳು, ಅಂದ್ರೆ ಸುದ್ದಿಯಲ್ಲ, ಸುದ್ದಿ ಯಾವ ಕಾಗದದ ಬಗ್ಗೆನೋ ಆ ಕಾಗದಾನೇ. ಬ್ರಿಟನ್ ಸಂಸತ್ತು ಮಸೂದೆಗಳ ಫೀಡ್ ಕೊಡತ್ತೆ, ಅಮೆರಿಕದ ಫೆಡರಲ್ ರಿಜಿಸ್ಟರ್ ಸರ್ಕಾರಿ ನಿಯಮಗಳ ಫೀಡ್ ಕೊಡತ್ತೆ, ನಿಮಗೆ ಸಂಬಂಧಪಟ್ಟ ಸರ್ಕಾರದ್ದೋ ಕೋರ್ಟಿಂದೋ ಇದ್ಯಾ ಅಂತ ಹುಡುಕಿ ನೋಡಿ. ಓದಕ್ಕೆ ಬೋರು ನಿಜ, ಆದ್ರೆ ಇಂಟರ್‌ನೆಟ್ ನಿಷೇಧ ಮಾಡ್ತಾರಂತೆ ಅಂತ ಎಲ್ರೂ ಕೂಗ್ತಿರೋವಾಗ ಆ ಕಾಗದದಲ್ಲಿ ಏನಿದೆ ಅಂತ ಎರಡು ಪುಟ ಓದಿದ್ರೆ ಅರ್ಧ ಆತಂಕ ಇಳಿಯತ್ತೆ, ಇನ್ನರ್ಧ ಆತಂಕಕ್ಕೆ ಸರಿಯಾದ ಕಾರಣನಾದ್ರೂ ಸಿಗತ್ತೆ.

ಇನ್ನೊಂದು ಕುತಂತ್ರ ಹೇಳ್ತೀನಿ, ಇದು ನನಗೆ ಬಲು ಇಷ್ಟ. ವಿಕಿಪೀಡಿಯದ ಪ್ರತಿ ಲೇಖನದ ಇತಿಹಾಸ ಪುಟಕ್ಕೂ ಒಂದು ಆಟಮ್ ಫೀಡ್ ಇದೆ, ಆ ಪುಟದ ಪಕ್ಕದಲ್ಲೇ ಲಿಂಕ್ ಇರತ್ತೆ. ಒಬ್ಬ ರಾಜಕಾರಣಿ ಅಥವಾ ಒಂದು ಕಂಪನಿ ಪುಟದ ಫೀಡನ್ನ ಸೇರಿಸಿ ಇಟ್ಕೊಳಿ. ಯಾವ ವಾಕ್ಯ ಯಾವತ್ತು ಮಾಯ ಆಯ್ತು, ಯಾರು ತೆಗೆದ್ರು, ಇನ್ಯಾರು ವಾಪಸ್ ಹಾಕಿದ್ರು, ಎಲ್ಲಾ ಸಾಲಾಗಿ ಬರತ್ತೆ. ವಿವಾದದ ಪುಟ ಆದ್ರೆ ಒಂದು ವಿಶೇಷಣಕ್ಕೆ ವಾರಗಟ್ಟಲೆ ಯುದ್ಧ ನಡೆಯತ್ತೆ, ಧಾರಾವಾಹಿಗಿಂತ ಚೆನ್ನಾಗಿರತ್ತೆ.

ನಾನು ಒಪ್ಪದೇ ಇರೋ ಇಬ್ಬರನ್ನೂ ಇಟ್ಕೊಂಡಿದ್ದೀನಿ, ಒಂದೇ ಷರತ್ತು, ಅವ್ರು ಉದ್ದಕ್ಕೆ ಬರೀಬೇಕು. ಎರಡು ಸಾಲಲ್ಲಿ ಎಲ್ರೂ ಮೂರ್ಖರ ಥರಾನೇ ಕಾಣ್ತಾರೆ, ನಾನೂ ಸೇರಿ. ಎರಡು ಸಾವಿರ ಪದ ಬರೆಯೋ ಮನುಷ್ಯ ಎಲ್ಲಾದ್ರೂ ಒಂದು ಕಡೆ ತನ್ನ ಅನುಮಾನನೂ ಹೇಳ್ಕೊಳ್ಲೇಬೇಕಾಗತ್ತೆ, ನನಗೆ ಬೇಕಾಗಿರೋದು ಆ ಜಾಗ. ಈ ಫೋಲ್ಡರನ್ನ ಸಂಜೆ ಮಾತ್ರ ತೆಗೀತೀನಿ. ಬೆಳಗ್ಗೆ ಓದಿದ್ರೆ ಇಡೀ ದಿನ ತಲೆ ಒಳಗೆ ಯಾರ ಜೊತೆನೋ ವಾದ ಮಾಡ್ತಾ ಇರ್ತೀನಿ, ಕೋಡಲ್ಲಿ ಕಾಮಾ ಬಿಟ್ಟೋಗತ್ತೆ.

ಇದು ಗುಳ್ಳೆ ಅಲ್ವಾ, ನಿನಗೆ ಬೇಕಾದ್ದನ್ನೇ ನೀನು ಓದ್ತೀಯ ಅಂತ ಒಬ್ಬ ಸ್ನೇಹಿತ ಕೇಳ್ದ. ಹೌದು, ಗುಳ್ಳೆನೇ. ಆದ್ರೆ ಇದರ ಗೋಡೆ ನನಗೆ ಕಾಣತ್ತೆ, ಪಟ್ಟಿ ತೆಗೆದು ನೋಡಿದ್ರೆ ಯಾರಿದ್ದಾರೆ ಯಾರಿಲ್ಲ ಅಂತ ಎಣಿಸಬಹುದು. ಇನ್ನೊಬ್ರು ಕಟ್ಟಿದ ಗುಳ್ಳೆಲಿ ಅಷ್ಟೂ ಆಗಲ್ಲ.

ಕೈ ತುರಿಸೋರಿಗೆ, ಸ್ವಂತ ರೀಡರ್

ರೆಡಿ ರೀಡರ್ ಸಾಕು ಅನ್ನೋರು ಈ ಭಾಗ ಹಾರಿಸಿ. ನಾನು ಒಂದು ಭಾನುವಾರ ಪೈಥಾನಲ್ಲಿ ಬರೆದೆ, 120 ಸಾಲು ಆಯ್ತು, ಆ ರಾತ್ರಿ ಜಗಳದಲ್ಲಿ ಪೈಥಾನ್ ಪರ ಇದ್ದೋನು ನಾನೇ ಆದ್ದರಿಂದ ಬೇರೆ ಭಾಷೆ ಮುಟ್ಟೋ ಹಂಗಿರ್ಲಿಲ್ಲ. ಒಂದು ಟೆಕ್ಸ್ಟ್ ಫೈಲಲ್ಲಿ ಸಾಲಿಗೊಂದು ಫೀಡ್ ವಿಳಾಸ, ಫೀಡ್‌ಪಾರ್ಸರ್ ಅನ್ನೋ ಲೈಬ್ರರಿ, ಎಸ್‌ಕ್ಯುಎಲೈಟಲ್ಲಿ ಒಂದೇ ಟೇಬಲ್ಲು, ಗಂಟೆಗೊಮ್ಮೆ ಓಡಿಸಕ್ಕೆ ಕ್ರಾನ್ ಅನ್ನೋ ವೇಳಾಪಟ್ಟಿ ಪ್ರೋಗ್ರಾಂ, ಕೊನೆಗೆ ಒಂದು ಸಾದಾ ಎಚ್‌ಟಿಎಂಎಲ್ ಪುಟ. ಕೇಳಕ್ಕೆ ಸುಲಭ, ಮಾಡೋವಾಗ ಎಡವೋ ಕಲ್ಲುಗಳು ಹೇಳ್ತೀನಿ.

ಫೀಡ್‌ಪಾರ್ಸರಿಗೇ ನೇರವಾಗಿ ವಿಳಾಸ ಕೊಟ್ಟು ತರಿಸ್ಕೋಬೇಡಿ, ಅದಕ್ಕೆ ಟೈಮ್‌ಔಟ್ ಕೊಡೋ ದಾರಿ ಇಲ್ಲ, ಯಾವ್ದೋ ಒಂದು ಸತ್ತ ಸರ್ವರ್ ಉತ್ತರ ಕೊಡದೆ ಹಿಡ್ಕೊಂಡ್ರೆ ಇಡೀ ಓಟ ಅಲ್ಲೇ ನಿಲ್ಲತ್ತೆ, ನನ್ನದು ಹಂಗೇ ಎರಡು ದಿನ ನಿಂತಿತ್ತು, ಪ್ರಪಂಚದಲ್ಲಿ ಯಾರೂ ಏನೂ ಬರೀತಿಲ್ಲ ಅಂದ್ಕೊಂಡು ಆರಾಮಾಗಿದ್ದೆ. ರಿಕ್ವೆಸ್ಟ್ಸ್ ಲೈಬ್ರರಿಲಿ ಹತ್ತು ಸೆಕೆಂಡ್ ಟೈಮ್‌ಔಟ್ ಇಟ್ಟು ತರಿಸಿ, ಬಂದ ಬೈಟ್‌ಗಳನ್ನ ಪಾರ್ಸರಿಗೆ ಕೊಡಿ. ಸರ್ವರ್ ಕೊಡೋ ಇ-ಟ್ಯಾಗನ್ನ, ಅಂದ್ರೆ ಫೈಲಿನ ಆವೃತ್ತಿಯ ಗುರುತನ್ನ, ಇಟ್ಕೊಂಡಿದ್ದು ಮುಂದಿನ ಸಲ ವಾಪಸ್ ಕಳ್ಸಿ, ಹೊಸದೇನೂ ಇಲ್ಲ ಅಂದ್ರೆ ಅದು 304 ಅಂತ ಖಾಲಿ ಉತ್ತರ ಕೊಟ್ಟು ಸುಮ್ಮನಾಗತ್ತೆ, ನಿಮ್ಮ ಡೇಟಾನೂ ಉಳೀತು, ಸಣ್ಣ ಸೈಟು ನಡೆಸೋ ಮನುಷ್ಯನ ಸರ್ವರಿಗೂ ಭಾರ ಇಲ್ಲ. 429 ಬಂತು ಅಂದ್ರೆ ಜಾಸ್ತಿ ಸಲ ಕೇಳ್ತಿದ್ದೀರಿ ಅಂತ, ಆ ಫೀಡಿಗೆ ಅಂತರ ಜಾಸ್ತಿ ಮಾಡಿ.

ಒಂದೇ ಐಟಂ ಎರಡು ಸಲ ಬರದೇ ಇರಕ್ಕೆ ಅದರ ಐಡಿನ ಯುನಿಕ್ ಮಾಡಿ, ಕೆಲವು ಫೀಡಲ್ಲಿ ಐಡಿನೇ ಇರಲ್ಲ, ಅಲ್ಲಿ ಲಿಂಕನ್ನೇ ಬಳಸಿ. ತಾರೀಖು ನಂಬಬೇಡಿ. ಆರೆಸ್ಸೆಸ್ ಈಮೇಲ್ ಥರ ತಾರೀಖು ಬರೆಯತ್ತೆ, ಆಟಮ್ ವರ್ಷ ಮೊದ್ಲು ಇಟ್ಟು ಬರೆಯತ್ತೆ, ಪಾರ್ಸರ್ ಎರಡನ್ನೂ ಸಂಭಾಳಿಸತ್ತೆ, ಆದ್ರೆ ಒಂದು ಸೈಟು ನಾಳೆಯ ತಾರೀಖು ಹಾಕಿ ಸದಾ ಮೇಲೇ ಕೂತಿರ್ತಿತ್ತು, ಬೇಕಂತಲೋ ಟೈಮ್‌ಝೋನ್ ಎಡವಟ್ಟೋ ಅವ್ರಿಗೇ ಗೊತ್ತು. ಈಗಿನ ಸಮಯಕ್ಕಿಂತ ಮುಂದಿದ್ರೆ ಈಗಿನ ಸಮಯಾನೇ ಬರ್ಕೊಳಿ, ರೋಗ ವಾಸಿ. ತಲೆಬರಹನ ಪುಟಕ್ಕೆ ಹಾಕೋ ಮುಂಚೆ ಎಸ್ಕೇಪ್ ಮಾಡೋದು, ಅಂದ್ರೆ ಅದ್ರಲ್ಲಿರೋ ಕೋಡ್ ಓಡದಂಗೆ ಬರೀ ಅಕ್ಷರ ಮಾಡೋದು, ಮರೀಬೇಡಿ, ಹೊರಗಿಂದ ಬಂದ ಪಠ್ಯ ಅದು.

ಬೇಡದ ಪದ ಇರೋದನ್ನ ಮರೆಮಾಡೋ ಫಿಲ್ಟರ್ ಎಲ್ರೂ ಹಾಕ್ತಾರೆ, ಇದ್ರಲ್ಲಿ ಕನ್ನಡಕ್ಕೆ ಅಂತಾನೇ ಒಂದು ಗುಂಡಿ ಇದೆ. ಭಾಷಾ ಜಗಳ ಸಾಕಾಗಿ ನಾನು ರಸ್ಟ್ ಅನ್ನೋ ಪ್ರೋಗ್ರಾಮಿಂಗ್ ಭಾಷೆಯ ಹೆಸರನ್ನ ಬ್ಲಾಕ್ ಮಾಡ್ದೆ. ಟ್ರಸ್ಟ್ ಅಂತ ಇರೋದೆಲ್ಲ ಮಾಯ ಆಯ್ತು, ಯಾಕಂದ್ರೆ ಯೂನಿಕೋಡಲ್ಲಿ ಟ್ರಸ್ಟ್ ಒಳಗೆ ರಸ್ಟ್ ಇಡಿಯಾಗಿ ಕೂತಿದೆ, ಒತ್ತಕ್ಷರ ಆಗಿ ಕಾಣ್ತಿರೋ ರ ಒಳಗೆ ಪೂರ್ತಿ ರ ಅಕ್ಷರಾನೇ. ಸರಿ, ಪದದ ಗಡಿ ನೋಡೋಣ ಅಂತ ರೆಜೆಕ್ಸ್ (ಪಠ್ಯದಲ್ಲಿ ನಮೂನೆ ಹುಡುಕೋ ಸೂತ್ರ) ಹಾಕಿದ್ರೆ ಇನ್ನೂ ಕೆಟ್ಟೋಯ್ತು, ಪೈಥಾನಿನ ಸಾದಾ ರೆಜೆಕ್ಸ್ ಲೈಬ್ರರಿ ಹಲಂತ ಚಿಹ್ನೆನ ಅಕ್ಷರ ಅಂತಾನೇ ಒಪ್ಪಲ್ಲ, ಹಂಗಾಗಿ ಪದದ ಮಧ್ಯದಲ್ಲೇ ಗಡಿ ಕಾಣತ್ತೆ, ಕೊನೇಲಿ ಹಲಂತ ಇದ್ರೆ ಅಲ್ಲಿ ಗಡಿನೇ ಕಾಣಲ್ಲ. ಕೊನೆಗೆ ಖಾಲಿ ಜಾಗದಲ್ಲಿ ಪದಗಳನ್ನ ಒಡೆದು, ಪದ ರಸ್ಟ ಇಂದ ಶುರುವಾಗತ್ತಾ ಅಂತ ನೋಡ್ದೆ, ಕೊನೆಯ ಹಲಂತ ಬಿಟ್ಟು. ಆಗ ರಸ್ಟ್, ರಸ್ಟಿನ, ರಸ್ಟಲ್ಲಿ ಎಲ್ಲಾ ಸಿಕ್ಕಿ ಬೀಳತ್ತೆ, ಟ್ರಸ್ಟ್ ಬಚಾವು. ವಿಭಕ್ತಿ ಪ್ರತ್ಯಯ ಇರೋ ಭಾಷೆಗೆ ಪೂರ್ತಿ ಪದ ಹೊಂದಿಸೋದಕ್ಕಿಂತ ಪದದ ಬುಡ ಹಿಡಿಯೋದೇ ವಾಸಿ.

ನನ್ನ ರೀಡರಲ್ಲಿ ನಾನೇ ಹಾಕಿರೋ ಒಂದೇ ಒಂದು ಅಲ್ಗಾರಿದಮ್ ಅಂದ್ರೆ ಒಬ್ಬರದ್ದು ದಿನಕ್ಕೆ ಮೂರಕ್ಕಿಂತ ಜಾಸ್ತಿ ತೋರಿಸ್ಬೇಡ ಅನ್ನೋದು. ಜಾಸ್ತಿ ಮಾತಾಡೋರು ಕಮ್ಮಿ ಮಾತಾಡೋರನ್ನ ಮುಳುಗಿಸೋದು ಅದರಿಂದಲೇ ನಿಲ್ತು. ತಿಂಗ್ಳಿಗೊಮ್ಮೆ ಬರೆಯೋ ಒಬ್ರ ಬರಹ ಬಂದ ದಿನ ಮೇಲೇ ಕಾಣತ್ತೆ, ಯಾವ ಪ್ಲಾಟ್‌ಫಾರ್ಮಲ್ಲೂ ಅವ್ರು ನನಗೆ ಹಿಂಗೆ ಸಿಕ್ಕಿರ್ಲಿಲ್ಲ.

ಆಮೇಲೆ ದಿನಾ

ಓದದೇ ಉಳಿದಿದ್ದು ಎಷ್ಟು ಅಂತ ತೋರಿಸೋ ನಂಬರನ್ನ ಆಫ್ ಮಾಡಿ. ಅದು ಸಾಲ ಅಲ್ಲ. ಎರಡು ವಾರ ಬಿಟ್ಟು ಬಂದ್ರೆ ಎಲ್ಲಾ ಓದಿದ್ದೀನಿ ಅನ್ನೋ ಬಟನ್ ಒತ್ತಿ ಹೊಸದಾಗಿ ಶುರು ಮಾಡಿ, ಮುಖ್ಯವಾದ್ದು ಇನ್ನೊಬ್ರ ಬರಹದಲ್ಲಿ ಲಿಂಕಾಗಿ ಮತ್ತೆ ಬರತ್ತೆ. ಹೊಸಬರನ್ನ ಹುಡುಕೋದೂ ಹಂಗೇ, ಓದ್ತಿರೋ ಬರಹದಲ್ಲಿರೋ ಲಿಂಕ್ ಒತ್ತಿ, ಚೆನ್ನಾಗಿದ್ರೆ ಸೇರಿಸಿ, ತಿಂಗ್ಳಿಗೊಮ್ಮೆ ಓದದೇ ಬಿಟ್ಟವ್ರನ್ನ ತೆಗೀರಿ. ತೆಗೆದ್ರೆ ಅವ್ರಿಗೆ ಗೊತ್ತಾಗಲ್ಲ, ಮುಲಾಜು ಬೇಡ.

ಅಭಿಪ್ರಾಯ ಹೇಳೋ ಚಟ ಹೋಗತ್ತೆ ಅಂತ ಅಂದ್ಕೋಬೇಡಿ, ನನ್ನದು ಹೋಗಿಲ್ಲ. ಮೂರು ವಾಕ್ಯ ಮೀರ್ತು ಅಂದ್ರೆ ರಿಪ್ಲೈ ಬಾಕ್ಸಲ್ಲಿ ಬರಿಯೋದು ನಿಲ್ಲಿಸಿ ಟೆಕ್ಸ್ಟ್ ಫೈಲಿಗೆ ಹಾಕ್ತೀನಿ, ಮಾರನೇ ದಿನ ಓದಿದ್ರೆ ಹತ್ತರಲ್ಲಿ ಎಂಟು ಅಳಿಸ್ತೀನಿ, ಉಳಿದ ಎರಡು ಸ್ವಂತ ಸೈಟಲ್ಲಿ ಹಾಕ್ತೀನಿ, ಅದಕ್ಕೂ ಫೀಡ್ ಇದೆ, ಎಷ್ಟು ಜನ ಓದ್ತಾರೋ ಲೆಕ್ಕ ಇಟ್ಟಿಲ್ಲ.

ಆ ರಾತ್ರಿ ಜಗಳ ಆಡಿದ ಮನುಷ್ಯನ ವಿಷಯ ಹೇಳೋದು ಮರ್ತೆ. ಪಟ್ಟಿ ಕಟ್ಟೋ ಸಂಜೆ ಕುತೂಹಲಕ್ಕೆ ಅವ್ನ ಪ್ರೊಫೈಲಲ್ಲಿದ್ದ ಲಿಂಕ್ ಒತ್ತಿದೆ. ಸ್ವಂತ ಸೈಟು, ನಾಲ್ಕೈದು ಉದ್ದನೆ ಬರಹ, ಪ್ರೋಗ್ರಾಮು ಬಳಸಿ ಬಿಟ್ಟ ಮೆಮೊರಿನ ಖಾಲಿ ಮಾಡೋ ಗಾರ್ಬೇಜ್ ಕಲೆಕ್ಟರ್ ಹೇಗೆ ಕೆಲಸ ಮಾಡತ್ತೆ ಅನ್ನೋದರ ಬಗ್ಗೆ, ನಾನು ಇಷ್ಟು ತಿಳಿಯಾಗಿ ಎಲ್ಲೂ ಓದಿರ್ಲಿಲ್ಲ, ಬೈಗುಳ ಒಂದೂ ಇಲ್ಲ. ವಿಳಾಸದ ಕೊನೆಗೆ ಸ್ಲ್ಯಾಶ್ ಹಾಕಿ ಫೀಡ್ ಅಂತ ಟೈಪ್ ಮಾಡಿ ನೋಡ್ದೆ. ಇತ್ತು.